ನಾಗಕ್ಕನ ಲೆಕ್ಕ

ಓಬಯ್ಯ ಒಂದು ಟೀವಿಯನ್ನೂ ಬಿಚ್ಚಿ ನೋಡಿದವನಲ್ಲ. ಬಿಚ್ಚುವುದಿರಲಿ, ಮದರಾಸಿನ ಅಂಗಡಿಯೊಂದರ ಗಾಜಿನಾಚೆ ಒಮ್ಮೆ ಅದರ ಮುಖ ಕಂಡಿದ್ದ, ಅಷ್ಟೇ. ಆದರೂ ಮೂರ್ತಪ್ಪನ ಜೀಪು ಹಿರಿಯೂರಿನ ಅವನ ರೇಡಿಯೋ ರಿಪೇರಿ ಅಂಗಡಿಯ ಮುಂದೆ ನಿಂತು, "ಟೀವಿ ಕೆಲಸ ಬರ್ತೈತೇನಪ್ಪ ನಿಂಗೆ?" ಎಂಬ ಪ್ರಶ್ನೆ ಬಂದಾಗ "ಬರ್ತೈತೆ" ಎಂದುಬಿಟ್ಟ. ಸುಳ್ಳು ಹೇಳುವಾಗ ಅವನ ರೆಪ್ಪೆ ಕೂಡ ಅಲುಗುತ್ತಿರಲಿಲ್ಲ. ಅದು ಒಂಬತ್ತು ವರ್ಷದ ಅಭ್ಯಾಸ.

ಎಪ್ಪತ್ತೊಂಬತ್ತನೇ ಇಸವಿ, ದೀಪಾವಳಿ ಕಳೆದು ತಿಂಗಳಾಗಿತ್ತು. ದುರ್ಗದ ಸೀಮೆಗೆ ಟೀವಿಯ ಪ್ರಸಾರವೇ ಇನ್ನೂ ಬಂದಿರಲಿಲ್ಲ. ಬರದ ಪ್ರಸಾರಕ್ಕೆ ಟೀವಿ ಯಾಕೆ ಎಂದು ಕೇಳಬೇಕೆನಿಸಿದರೂ ಓಬಯ್ಯ ಕೇಳಲಿಲ್ಲ. ಜೀಪು ಜವನಗೊಂಡನಹಳ್ಳಿಯ ಕಡೆಗೆ ಓಡುತ್ತಿದ್ದಾಗ ಮೂರ್ತಪ್ಪನೇ ಹೇಳಿದ. ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆತನದವನು, ಈಗ ಜವನಗೊಂಡನಹಳ್ಳಿಯ ಹೊರಗೆ ಕುರಿ ಫಾರ್ಮ್ ಮಾಡಿಕೊಂಡಿದ್ದ. ದುರ್ಗದ ಹತ್ತಿರ ಗಣಿ ಕೆಲಸಕ್ಕೆ ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಊರಿಗೆ ಹೊರಡುವಾಗ ತನ್ನ ಮನೆಯ ಕಂಪ್ಯೂಟರನ್ನೂ ಅದಕ್ಕೆ ಜೋಡಿಯಾದ ಟೀವಿಯನ್ನೂ ಇವನಿಗೆ ಕೊಟ್ಟು ಹೋಗಿದ್ದನಂತೆ. ಕಂಪ್ಯೂಟರು ಲೆಕ್ಕ ಮಾಡುತ್ತದೆ, ಟೀವಿ ಅದನ್ನು ತೋರಿಸುತ್ತದೆ. ಹುಟ್ಟಿದ ಒಂದೊಂದು ಮರಿಯನ್ನೂ ಮೂರ್ತಪ್ಪ ಸ್ವಂತ ಬೆರಳಿನಿಂದ ಅದಕ್ಕೆ ಒತ್ತಿ ಹೇಳಿದ್ದ. ಅದು ಬಂದ ದಿನವೇ ಹಳೆಯ ರಿಜಿಸ್ಟರುಗಳನ್ನು ಬಚ್ಚಲ ಒಲೆಗೆ ಹಾಕಿಸಿದ್ದ. ಮನುಷ್ಯ ಬರೆದದ್ದರಲ್ಲಿ ಅವನಿಗೆ ನಂಬಿಕೆ ಇರಲಿಲ್ಲ.

"ಚಿತ್ರ ಮಸುಕಾಗೈತೆ. ತುಂಬಾ ಜುಮುಜುಮು ಅಂತೈತೆ. ನನಗೆ ಓದಾಕೆ ಬರ್ತೈತೆ, ಆದ್ರೆ ಇವತ್ತು ಮೂರು ಗಂಟೆಗೆ ಹಿರೀಕರು ಬರ್ತಾರೆ. ಅವರ ಕಣ್ಣಿಗೂ ಕಾಣ್ಬೇಕು," ಎಂದ ಮೂರ್ತಪ್ಪ.

"ಏನು ಕಾಣ್ಬೇಕ್ರಿ?"

"ಕಳ್ಳತನ. ಪೆಟ್ಟಿಗೇಲಿ ಮೂವತ್ತೆಂಟು ಮರಿ ಐತೆ, ದೊಡ್ಡೀಲಿ ಮೂವತ್ತಮೂರು. ಐದು ಮರಿ ಮಾರ್ಕಂಡವಳೆ. ನಾಗಕ್ಕ ಅಂತ, ಕುರಿ ಕಾಯೋಳು."

ಓಬಯ್ಯ ಜೀಪಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ನಾಗಕ್ಕ ಅವನ ಒಡಹುಟ್ಟಿದ ಅಕ್ಕ. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವಳು ಎಲ್ಲಿ ಕೂಲಿಗಿದ್ದಾಳೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

"ಇದೇನು ಹೊಸದಲ್ಲ ಬಿಡು," ಎಂದು ಮೂರ್ತಪ್ಪ ಮುಂದುವರಿಸಿದ. "ಹಿಂದೆ ಅವರಪ್ಪನ ಮಂದೇಲೇ ಹನ್ನೆರಡು ಕುರಿ ಮಾಯ ಮಾಡಿದ್ಲಂತೆ. ತೋಳ ತಿಂತು ಅಂತ ಕಥೆ ಕಟ್ಟಿದ್ರಂತೆ."

ಆ ಕಥೆ ಕಟ್ಟಿದವನು ಓಬಯ್ಯ. ಒಂದು ಮಧ್ಯಾಹ್ನ ಮಂದೆಯ ಪಕ್ಕದ ಜಾಲಿಯ ನೆರಳಲ್ಲಿ ಅಕ್ಕ ಮಂಪರಿಗೆ ಜಾರಿದ್ದಾಗ, ಹನ್ನೆರಡು ಕುರಿಗಳನ್ನು ಹಳ್ಳದ ಹಾದಿಯಲ್ಲಿ ಹೊಡೆದುಕೊಂಡು ಹೋಗಿ ಸಿರಾ ರಸ್ತೆಯಲ್ಲಿ ಕಾಯುತ್ತಿದ್ದ ವ್ಯಾಪಾರಿಗೆ ಒಪ್ಪಿಸಿದ್ದ. ಸಂಜೆ ಅಪ್ಪನ ಮುಂದೆ ನಿಂತು, ಬೀಳಿನಲ್ಲಿ ತೋಳ ಕಂಡೆ, ಅಕ್ಕ ಮಲಗಿಬಿಟ್ಟಿದ್ದಳು ಎಂದಿದ್ದ. ಮಲಗಿದ್ದು ನಿಜವಾಗಿತ್ತು, ಆದ್ದರಿಂದ ಉಳಿದದ್ದೂ ನಿಜವೆನಿಸಿತು. ಮಂದೆ ಕಾಯಲು ಬಾರದ ಹೆಣ್ಣು ಎಂದು, ನಿಶ್ಚಯವಾಗಿದ್ದ ಅವಳ ಮದುವೆ ಮುರಿಯಿತು. ವರ್ಷ ಕಳೆಯುವುದರೊಳಗೆ ಊರಿನ ಬಾಯಿ ತೋಳವನ್ನೂ ಬಿಟ್ಟು, ಅವಳೇ ಮಾರಿಕೊಂಡಳು ಎಂದಿತು. ಆ ಹನ್ನೆರಡು ಕುರಿಗಳು ಹಿರಿಯೂರಿನಲ್ಲಿ ಬೆಸುಗೆ ಕಡ್ಡಿ, ಮೀಟರು, ಅಂಗಡಿಯ ಬೋರ್ಡು ಆಗಿ ನಿಂತವು. ಅಕ್ಕನಿಗೆ ಇದು ಯಾವುದೂ ಗೊತ್ತಿಲ್ಲ, ತಾನು ಚಾಡಿ ಹೇಳಿದ್ದಕ್ಕೆ ಮಾತು ಬಿಟ್ಟಿದ್ದಾಳೆ ಎಂದೇ ಓಬಯ್ಯ ನಂಬಿದ್ದ.

ಫಾರ್ಮಿನ ಅಂಗಳದಲ್ಲಿ ನಾಗಕ್ಕ ಕಂಬಳಿಯ ಮೇಲೆ ಕುಳಿತಿದ್ದಳು. ಎರಡು ದಿನದಿಂದ ಅವಳನ್ನು ಕುರಿಯ ಹತ್ತಿರ ಬಿಟ್ಟಿರಲಿಲ್ಲ, ಮನೆಗೂ ಬಿಟ್ಟಿರಲಿಲ್ಲ. ತಲೆ ನೆರೆತಿತ್ತು. ಜೀಪಿನಿಂದ ಇಳಿದ ತಮ್ಮನನ್ನು ಒಮ್ಮೆ ನೋಡಿ, ಅವನ ಕೈಯಲ್ಲಿದ್ದ ಸಾಮಾನಿನ ಪೆಟ್ಟಿಗೆಯನ್ನು ನೋಡಿ, ಪಕ್ಕಕ್ಕೆ ಉಗಿದಳು. ತಮ್ಮ ಎನ್ನಲಿಲ್ಲ. ಓಬಯ್ಯನೂ ಅಕ್ಕ ಎನ್ನಲಿಲ್ಲ. ಇಬ್ಬರ ಸಂಬಂಧ ಮೂರ್ತಪ್ಪನಿಗೆ ತಿಳಿಯದೇ ಹೋಯಿತು.

"ಕಂಬಳಿ ಗದ್ದುಗೆ ಹಾಕ್ಸು, ಅದನ್ನ ಮುಟ್ಟಿ ಆಣೆ ಮಾಡ್ತೀನಿ ಅಂದೆ. ಅದು ಬ್ಯಾಡಂತೆ, ಈ ಪೆಟ್ಟಿಗೆ ಹೇಳಬೇಕಂತೆ," ಎಂದಳು ಯಾರಿಗೂ ಅಲ್ಲವೆಂಬಂತೆ.

"ನಿನ್ನ ಕಂಬಳಿ ಲೆಕ್ಕ ಇಡಲ್ಲ," ಎಂದ ಮೂರ್ತಪ್ಪ.

ಒಳಗೆ ಮೇಜಿನ ಮೇಲೆ ಟೀವಿ, ಅದರ ಮುಂದೆ ಗುಂಡಿಗಳ ಹಲಗೆಯಂಥ ಕಂಪ್ಯೂಟರು, ಪಕ್ಕದಲ್ಲಿ ಒಂದು ಟೇಪ್‌ರೆಕಾರ್ಡರು, ನೆಲದಲ್ಲಿ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರು. ಮೂರ್ತಪ್ಪ ಕ್ಯಾಸೆಟ್ಟು ಹಾಕಿದ. ಅದು ಐದು ನಿಮಿಷ ಕಿವಿ ಕಚ್ಚುವಂತೆ ಕಿರುಚಿತು. ಆಮೇಲೆ ಪರದೆಯ ತುಂಬ ಬಿಳಿ ಚುಕ್ಕೆಗಳ ಕುದಿತ, ಅದರ ಹಿಂದೆ ಎಲ್ಲೋ ಅಂಕಿಗಳು. ಮೂರ್ತಪ್ಪ ಕೆಳಗಿನ ಸಾಲಿಗೆ ಬೆರಳಿಟ್ಟ. ಓಬಯ್ಯ ಕಣ್ಣು ಕಿರಿದು ಮಾಡಿ ನೋಡಿದ. ಮೂವತ್ತೆಂಟು ಎಂದುಕೊಂಡು ನೋಡಿದರೆ ಮೂವತ್ತೆಂಟೇ ಕಾಣುತ್ತಿತ್ತು.

ಅವನಿಗೆ ಗೊತ್ತಿದ್ದದ್ದು ರೇಡಿಯೋ. ರೇಡಿಯೋ ಕರಕರ ಎಂದರೆ ಏರಿಯಲ್ ಎತ್ತರಿಸಬೇಕು, ಅರ್ಥಿಂಗ್ ಗುಂಡಿಗೆ ನೀರು ಹೊಯ್ಯಬೇಕು. ಹಿರಿಯೂರು ತಾಲ್ಲೂಕಿನಲ್ಲಿ ಅರ್ಧಕ್ಕರ್ಧ ರೇಡಿಯೋಗಳು ಇದರಿಂದಲೇ ಗುಣವಾಗುತ್ತಿದ್ದವು. ಆದ್ದರಿಂದ ದೊಡ್ಡ ಮನುಷ್ಯನಂತೆ ಗಂಟಲು ಸರಿಮಾಡಿಕೊಂಡು, ಮೂವತ್ತಡಿ ತಾಮ್ರದ ತಂತಿ ಕೇಳಿದ. ಅಂಗಳದ ಹುಣಸೆ ಮರಕ್ಕೆ ತಾನೇ ಹತ್ತಿ ತಂತಿ ಕಟ್ಟಿದ, ತುದಿಯನ್ನು ತಂದು ಟೀವಿಯ ಬೆನ್ನಿಗೆ ಸಿಕ್ಕಿಸಿದ. ಚುಕ್ಕೆಗಳು ಇಮ್ಮಡಿಯಾದವು. ಅಂಕಿಗಳು ಪೂರ್ತಿ ಮುಳುಗಿದವು.

ಮೂರ್ತಪ್ಪ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಲೇ, ಈ ಚಿತ್ರ ಆಕಾಶದಿಂದ ಬರ್ತೈತೇನೋ? ಈ ಹಲಗೆಯಿಂದ ಬರ್ತೈತೆ. ಮೊಳದುದ್ದದ ದಾರಿಗೆ ಮರ ಹತ್ತಿದೀಯಲ್ಲ. ನಿನ್ನಂಥೋರ್ನ ನಂಬಿ ಜನ ರೇಡಿಯೋ ಕೊಡ್ತಾರಲ್ಲ," ಎಂದ. ಗೋಡೆಯ ಗಡಿಯಾರ ತೋರಿಸಿ, "ಮೂರು ಗಂಟೆಗೆ ಅಂಕಿ ಕಾಣ್ಬೇಕು. ಕಾಣ್ದಿದ್ರೆ ನಿನ್ನ ಅಂಗಡಿಗೆ ಯಾರು ಬರ್ತಾರೋ ನಾನೂ ನೋಡ್ತೀನಿ," ಎಂದು ದೊಡ್ಡಿಯ ಕಡೆ ಹೋದ.

ಅವಮಾನದಿಂದ ಓಬಯ್ಯನ ಕಿವಿ ಕಾದವು. ತಂತಿ ಕಿತ್ತು ಎಸೆದ. ಮತ್ತೆ ಕುಕ್ಕುರುಗಾಲಲ್ಲಿ ಕುಳಿತು, ಕಂಪ್ಯೂಟರಿನಿಂದ ಹೊರಟ ವೈರನ್ನು ಬೆರಳಲ್ಲಿ ಹಿಡಿದುಕೊಂಡು ಅಂಗುಲ ಅಂಗುಲವಾಗಿ ಟೀವಿಯ ಕಡೆ ಸಾಗಿದ. ಟೀವಿಯ ಬೆನ್ನಿಗೆ ಮುಟ್ಟುವ ಮುಂಚೆ ಆ ವೈರು ಬೆಂಕಿಪೊಟ್ಟಣದಷ್ಟು ದೊಡ್ಡ ತಗಡಿನ ಡಬ್ಬಿಯೊಂದನ್ನು ಹೊಕ್ಕು ಹೊರಡುತ್ತಿತ್ತು. ಡಬ್ಬಿಯ ಮೇಲೆ ಅತ್ತಿತ್ತ ಜರುಗಿಸುವ ಒಂದು ಗುಂಡಿ. ಅದನ್ನು ಹೆಬ್ಬೆರಳಿನಿಂದ ಒತ್ತಿದ.

ಚುಕ್ಕೆಗಳು ಒಮ್ಮೆಲೇ ಹಿಂದೆ ಸರಿದವು. ಕಪ್ಪು ಪರದೆಯಲ್ಲಿ ಅಂಕಿಗಳು ಬೆಳ್ಳಗೆ ಚೊಕ್ಕಟವಾಗಿ ನಿಂತವು. ಕೆಳಗಿನ ಸಾಲಿನಲ್ಲಿ ಎರಡು ಮೂರುಗಳು. ಮೂವತ್ತಮೂರು.

ಬೆರಳು ತೆಗೆದ. ಮತ್ತೆ ಕುದಿತ, ಮತ್ತೆ ಮೂವತ್ತೆಂಟು. ಒತ್ತಿದ, ಮೂವತ್ತಮೂರು. ಎರಡು ಮೂರುಗಳ ನಡುವಿನ ಸಂದಿಯಲ್ಲಿ ಬಿಳಿ ಚುಕ್ಕೆಗಳು ದಟ್ಟವಾಗಿ, ಎರಡನೆಯದರ ತೆರೆದ ಎಡಗಡೆಯನ್ನು ಮುಚ್ಚಿ ಅದನ್ನು ಎಂಟು ಮಾಡುತ್ತಿದ್ದವು.

ಅಕ್ಕ ಒಂದು ಮರಿಯನ್ನೂ ಮಾರಿರಲಿಲ್ಲ. ಪ್ರಪಂಚದಲ್ಲಿ ಇದು ಈಗ ಅವನ ಹೆಬ್ಬೆರಳಿಗೆ ಮಾತ್ರ ಗೊತ್ತಿತ್ತು. ಓಬಯ್ಯನ ಮನಸ್ಸಿಗೆ ಮೊದಲು ಬಂದದ್ದು ಒಳ್ಳೆಯ ಯೋಚನೆಯೇನಲ್ಲ. ಕೈಲಾಗಲಿಲ್ಲ ಎಂದು ಹೇಳಿ, ಮೂರು ಗಂಟೆಗೆ ಮುಂಚೆ ಬಸ್ಸು ಹತ್ತಿಬಿಡಬಹುದು. ಬರುವ ಹಿರೀಕರಲ್ಲಿ ಜಂಬಣ್ಣ ಇದ್ದೇ ಇರುತ್ತಾನೆ. ತಮ್ಮ ಊರಿನವನು, ತನ್ನ ಮುಖ ಬಲ್ಲವನು. ಐದು ಮರಿಯ ಮಾತು ಎದ್ದರೆ ಹನ್ನೆರಡು ಕುರಿಯ ಮಾತು ಏಳುತ್ತದೆ, ಕೆದಕುತ್ತ ಹೋದರೆ ಅದು ತನ್ನ ಅಂಗಡಿಗೇ ಬಂದು ನಿಲ್ಲುತ್ತದೆ. ಕುರಿ ಕದ್ದವನ ಕೈಗೆ ರೇಡಿಯೋ ಕೊಡುವ ದಡ್ಡರು ಹಿರಿಯೂರಿನಲ್ಲಿಲ್ಲ.

"ಏನು ಮಾಡ್ತಾ ಇದೀಯ ಒಬ್ನೇ?" ಬಾಗಿಲಲ್ಲಿ ನಾಗಕ್ಕ ನಿಂತಿದ್ದಳು. ಒಂಬತ್ತು ವರ್ಷದ ಮೇಲೆ ಅವಳ ಮೊದಲ ಮಾತು.

"ರಿಪೇರಿ."

"ಏನು ಬೇಕಾದ್ರೂ ತೋರಿಸು. ನಿನ್ನ ಕೈ ಬಿದ್ದ ಮ್ಯಾಲೆ ನಂಗೆ ಒಳ್ಳೇದಾಗಲ್ಲ ಅಂತ ಗೊತ್ತೈತೆ. ಹುಟ್ಟಿದ್ದು ಮೂವತ್ತಮೂರು. ಒಂದೊಂದರ ತಾಯಿ ಹೆಸರು ಹೇಳ್ತೀನಿ. ಆ ಮೂರ್ತಪ್ಪನಿಗೆ ಕೇಳಾಕೆ ಕಿವಿ ಇಲ್ಲ."

"ನನ್ ಹತ್ರ ಯಾಕೆ ಹೇಳ್ತೀಯ? ಹೋಗು, ಹೊರಗೆ ಕುಂತ್ಕ."

"ನಿನ್ ಹತ್ರ ಯಾರು ಹೇಳಿದ್ರು? ಗೋಡೆಗೆ ಹೇಳ್ದೆ," ಎಂದು ಅವಳು ಹೊರಟುಹೋದಳು.

ಓಬಯ್ಯನಿಗೆ ರೋಷ ಬಂತು. ಆ ರೋಷದಲ್ಲಿಯೇ ಡಬ್ಬಿಯ ಸ್ಕ್ರೂ ಬಿಚ್ಚಿದ. ಮುಚ್ಚಳ ತೆಗೆದಾಗ ಒಳಗಿನಿಂದ ಬಂದ ವಾಸನೆಗೆ ಅವನ ಕೈ ತಡೆಯಿತು. ಅರಿಶಿನ. ತಾಮ್ರದ ಪಟ್ಟಿಗಳ ಸಂದಿಯಲ್ಲಿ, ಗುಂಡಿ ಜರುಗುವ ಕಾಲುವೆಯಲ್ಲಿ, ಎಣ್ಣೆಯ ಪಸೆಗೆ ಅಂಟಿಕೊಂಡು ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು. ದೇವರ ಭಂಡಾರ.

ಯಾರು ಹಾಕಿದ್ದೆಂದು ಅವನು ಯೋಚಿಸಬೇಕಾಗಿರಲಿಲ್ಲ. ದೀಪಾವಳಿಯ ದಿನ ಕುರುಬರ ಮನೆಯ ಹೆಣ್ಣು ದೊಡ್ಡಿಗೆ, ಕುರಿಯ ಹಣೆಗೆ, ಕಾಯುವ ಕೋಲಿಗೆ, ಕಂಬಳಿಗೆ ಭಂಡಾರ ಎರಚುತ್ತಾಳೆ. ಮಂದೆಯ ಲೆಕ್ಕ ಇನ್ನು ಮೇಲೆ ಈ ಪೆಟ್ಟಿಗೆಯಲ್ಲಿರುತ್ತದೆ ಎಂದು ಮೂರ್ತಪ್ಪ ಹೇಳಿರಬೇಕು. ಅದಕ್ಕೇ ಇವಳು ದೀಪ ಹಚ್ಚಿ, ಎಣ್ಣೆಗೈಯಲ್ಲಿ ಒಂದು ಹಿಡಿ ಪೆಟ್ಟಿಗೆಗೂ ಎರಚಿದ್ದಾಳೆ. ಅದೇ ಭಂಡಾರ ಚಿತ್ರ ಮಸುಕು ಮಾಡಿತು, ಆ ಮಸುಕು ಅವಳನ್ನು ಕಳ್ಳಿ ಮಾಡಿತು. ಓಬಯ್ಯನಿಗೆ ಅವಳ ಮೇಲೆ ಕೋಪ ಬಂತು. ಇಂಥ ಪೆದ್ದಿಗೆ ಮೋಸ ಮಾಡುವುದು ಎಷ್ಟು ಸುಲಭವಾಗಿತ್ತು ಎಂಬುದು ನೆನಪಾಯಿತು.

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸತೊಡಗಿದ. ಯಾಕೆ ಒರೆಸುತ್ತಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ. ಕೊಳೆ ಕಂಡರೆ ಒರೆಸುವುದು ಕೈಯ ರೂಢಿ ಎಂದು ತನಗೆ ತಾನೇ ಹೇಳಿಕೊಂಡ. ಹಳದಿಯಾದ ಹತ್ತಿಯನ್ನೆಲ್ಲ ಅಂಗಿಯ ಜೇಬಿಗೆ ತುರುಕಿಕೊಂಡ. ಡಬ್ಬಿ ಮುಚ್ಚಿದಾಗ ಚಿತ್ರ ತಿಳಿಯಾಗಿ ನಿಂತಿತ್ತು. ಸದ್ದಿಲ್ಲದೆ ಸಾಮಾನು ಜೋಡಿಸಿಕೊಂಡು ಹೊರಗೆ ಬಂದರೆ, ಹಿರೀಕರು ಆಗಲೇ ಅಂಗಳದಲ್ಲಿದ್ದರು.

ಜಂಬಣ್ಣ ಮುದುಕನಾದರೂ ಕಣ್ಣು ಸೂಕ್ಷ್ಮ. ಜೊತೆಗೆ ಬಂದಿದ್ದ ನಾಲ್ಕು ಜನರನ್ನು ಕಟ್ಟೆಯ ಮೇಲೆ ಕೂರಿಸಿ, ಮೊದಲು ತಾನೇ ದೊಡ್ಡಿಗೆ ಹೋಗಿ ಮರಿಗಳನ್ನು ಎಣಿಸಿ ಬಂದ. "ಮೂವತ್ತಮೂರು," ಎಂದ.

"ಬರ್ರಿ, ಹುಟ್ಟಿದ್ದು ಎಷ್ಟು ಅಂತ ಪೆಟ್ಟಿಗೆ ಹೇಳ್ತೈತೆ," ಎಂದು ಮೂರ್ತಪ್ಪ ಎಲ್ಲರನ್ನೂ ಒಳಗೆ ಕರೆದೊಯ್ದ. ಓಬಯ್ಯನ ರಟ್ಟೆ ಹಿಡಿದು ಅವನನ್ನೂ ನಿಲ್ಲಿಸಿಕೊಂಡ. ನಾಗಕ್ಕ ಬಾಗಿಲ ಹೊರಗೇ ನಿಂತಳು.

ಮೂರ್ತಪ್ಪ ಕೋಲಿನ ತುದಿಯನ್ನು ಕೆಳಗಿನ ಸಾಲಿಗೆ ಇಟ್ಟ. ಇಟ್ಟ ಕೋಲು ಅಲ್ಲೇ ನಿಂತಿತು.

"ಓದಪ್ಪ," ಎಂದ ಜಂಬಣ್ಣ.

ಮೂರ್ತಪ್ಪ ಓದಲಿಲ್ಲ. ಅಂಕಿ ಬಲ್ಲ ಒಬ್ಬರು ಮೆಲ್ಲಗೆ, "ಮೂವತ್ತಮೂರೇ ಐತಲ್ರಿ," ಎಂದರು.

ಸೋತ ಮನುಷ್ಯನಿಗೆ ತಪ್ಪಾಯಿತು ಎನ್ನುವುದೊಂದು ಹಾದಿ. ಮೂರ್ತಪ್ಪನಂಥವರಿಗೆ ಆ ಹಾದಿ ಕಾಣುವುದಿಲ್ಲ. ಅವನು ಓಬಯ್ಯನ ಕಡೆ ತಿರುಗಿದ. "ಏನು ಮಾಡಿದೆ ಇದಕ್ಕೆ? ಬೆಳಿಗ್ಗೆ ಮೂವತ್ತೆಂಟಿತ್ತು."

"ಚಿತ್ರ ಮಸುಕಿತ್ತು, ಮೂರು ಎಂಟಾಗಿ ಕಾಣ್ತಿತ್ತು. ಡಬ್ಬೀಲಿ ಧೂಳು ಕೂತಿತ್ತು, ಒರೆಸ್ದೆ."

"ಇವನು ನಮ್ಮ ಓಬಯ್ಯ ಅಲ್ವಾ?" ಜಂಬಣ್ಣ ಹತ್ತಿರ ಬಂದು ಮುಖ ನೋಡಿದ. "ನಾಗಕ್ಕನ ತಮ್ಮ."

ಅಷ್ಟು ಸಾಕಾಯಿತು. ಮೂರ್ತಪ್ಪನಿಗೆ ಹೋದ ಬಲವೆಲ್ಲ ಮರಳಿ ಬಂತು. "ತಮ್ಮನಾ? ಹಂಗೆ ಹೇಳು. ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ ಕಳ್ಳ. ಅಕ್ಕ ಮರಿ ಮಾರಿದ್ಲು, ತಮ್ಮ ಬಂದು ಅಂಕಿ ತಿರುಚಿದ. ನೋಡ್ರಿ ಹೆಂಗೈತೆ ಇವರ ಸಂಸಾರ."

"ಅಂಕಿ ಮುಟ್ಟಿಲ್ಲ ನಾನು. ಧೂಳು ಒರೆಸ್ದೆ, ಅಷ್ಟೇ."

"ಧೂಳಲ್ಲ," ಎಂದಳು ನಾಗಕ್ಕ ಬಾಗಿಲಿನಿಂದ.

ಎಲ್ಲರೂ ತಿರುಗಿದರು. ಅವಳು ಹೊಸ್ತಿಲು ದಾಟಿ ಬಂದು ತಮ್ಮನ ಜೇಬಿನಿಂದ ಇಣುಕುತ್ತಿದ್ದ ಹತ್ತಿಯನ್ನು ಎಳೆದು ಜಂಬಣ್ಣನ ಮುಂದೆ ಹಿಡಿದಳು. "ಇದು ಭಂಡಾರ. ದೀಪಾವಳಿ ದಿನ ನಾನೇ ಎರಚಿದ್ದು. ಮಂದೆ ಲೆಕ್ಕ ಇದ್ರಾಗೈತೆ ಅಂದ್ರು, ಅದಕ್ಕೇ ಎರಚಿದೆ. ಅದರಿಂದ ಕೆಟ್ಟಿದ್ರೆ ಕೆಡಿಸಿದೋಳು ನಾನೇ. ಇವನು ನನಗಾಗಿ ಸುಳ್ಳು ಹೇಳೋದು ಬ್ಯಾಡ."

ಓಬಯ್ಯನಿಗೆ ಅವಳ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಜನ್ಮದಲ್ಲಿ ಒಂದು ಸಲ ಅವಳ ಪರವಾಗಿ ಸುಳ್ಳು ಹೇಳಿದ್ದ, ಅದನ್ನೂ ಅವನ ಮುಖಕ್ಕೇ ಎಸೆದಿದ್ದಳು.

"ಸರಿಹೋಯ್ತು," ಎಂದ ಮೂರ್ತಪ್ಪ. "ಲೆಕ್ಕ ಕಾಣಬಾರ್ದು ಅಂತ್ಲೇ ಪುಡಿ ಎರಚಿದಾಳೆ. ಪೂಜೆಯಂತೆ. ಅಪ್ಪನ ಮಂದೇಲಿ ಹನ್ನೆರಡು ಕುರಿ ಮಾರಿದೋಳಿಗೆ ಇದೇನು ದೊಡ್ಡ ಕೆಲಸಾನಾ? ಜಂಬಣ್ಣ, ನಿಮ್ಮೂರಿನ ಕಥೆ, ನೀವೇ ಹೇಳ್ರಿ."

ಜಂಬಣ್ಣ ಕೆಮ್ಮಿದ. ಅವನ ಮುಖದಲ್ಲಿ ಹಳೆಯ ಅನುಮಾನ ಬಂದು ಕೂತದ್ದು ಎಲ್ಲರಿಗೂ ಕಂಡಿತು. "ಅದೊಂದು ಐತೆ ನೋಡು ನಾಗಕ್ಕ," ಎಂದ. "ಒಂದು ಸಲ ಹಂಗಾದ ಮ್ಯಾಲೆ, ಜನ ಏನಂತಾರೆ? ಭಂಡಾರ ಭಕ್ತಿಗೆ ಹಾಕಿದ್ಯೋ, ಕಣ್ಣಿಗೆ ಮಣ್ಣೆರಚಾಕೆ ಹಾಕಿದ್ಯೋ, ನಾನು ಹೆಂಗೆ ಹೇಳಲಿ? ತಮ್ಮ ಬೇರೆ ಇಲ್ಲಿದಾನೆ. ಕೆಲಸ ಬಿಟ್ಟು ಹೋಗು, ಐದು ಮರೀದು ಇಲ್ಲಿಗೇ ಬಿಡಾಣ."

ಕೆಲಸ ಬಿಟ್ಟು ಹೋಗು ಎಂದರೆ ಕಳ್ಳಿಯಾಗಿ ಹೋಗು ಎಂದೇ ಅರ್ಥ. ಈ ಹೆಸರು ಹೊತ್ತವಳಿಗೆ ಹಿರಿಯೂರಿನಿಂದ ಹೊಸದುರ್ಗದವರೆಗೆ ಯಾರೂ ಒಂದು ಕುರಿ ಕೂಡ ನಂಬಿ ಬಿಡುವುದಿಲ್ಲ. ನಾಗಕ್ಕ ಬೇಡಲಿಲ್ಲ, ಅಳಲಿಲ್ಲ. ತಮ್ಮನ ಮುಖವನ್ನು ನೇರವಾಗಿ ನೋಡಿದಳು. ಬೆಳಿಗ್ಗೆಯಿಂದ ಅವನು ಅವಳ ಕಣ್ಣು ತಪ್ಪಿಸಿದ್ದ. ಈಗ ತಪ್ಪಿಸಲು ಜಾಗವಿರಲಿಲ್ಲ.

ಓಬಯ್ಯನಿಗೆ ತನ್ನ ಅಂಗಡಿಯ ಬೋರ್ಡು ಕಣ್ಣ ಮುಂದೆ ಬಂತು. ನೀಲಿ ಬಣ್ಣ, ಬಿಳಿ ಅಕ್ಷರ.

"ಅಕ್ಕನ ಪರವಾಗಿ ಅಂಕಿ ತಿರುಚೋ ತಮ್ಮ ನಾನಲ್ಲ," ಎಂದ. ದನಿ ಅವನದೇ ಎಂದು ಅವನಿಗೆ ಅನ್ನಿಸಲಿಲ್ಲ. "ನಾನೂ ಇವಳೂ ಮಾತಾಡಿ ಒಂಬತ್ತು ವರ್ಷ ಆಯ್ತು. ಯಾಕೆ ಅಂತ ಕೇಳ್ರಿ. ಆ ಕುರೀನ ತೋಳ ತಿನ್ನಲಿಲ್ಲ. ಇವಳೂ ಮಾರಲಿಲ್ಲ. ಮಂದೆ ಪಕ್ಕ ಇವಳು ಮಲಗಿದ್ದಾಗ ಹೊಡ್ಕಂಡು ಹೋಗಿ ಸಿರಾ ರಸ್ತೇಲಿ ಮಾರಿದೋನು ನಾನು. ಅದರಲ್ಲೇ ಅಂಗಡಿ ಇಟ್ಟೆ. ಅಪ್ಪನ ಹತ್ರ ಸುಳ್ಳು ಹೇಳಿ ಇವಳ ತಲೆಗೆ ಕಟ್ಟಿದೆ. ಅಕ್ಕನ್ನ ಮುಳುಗಿಸಿದೋನು ಇವತ್ತು ಉಳಿಸಾಕೆ ಬಂದಾನಾ? ಪೆಟ್ಟಿಗೇಲಿ ಇರೋದೇ ಮೂವತ್ತಮೂರು."

ಟ್ರಾನ್ಸ್‌ಫಾರ್ಮರು ಗುಂಯ್ ಎನ್ನುತ್ತಲೇ ಇತ್ತು. ಜಂಬಣ್ಣ ಹೆಗಲ ಮೇಲಿನ ವಲ್ಲಿ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಅವನ ಕಣ್ಣಲ್ಲಿದ್ದ ಅಸಹ್ಯ ಈಗ ನಾಗಕ್ಕನ ಕಡೆಗಿರಲಿಲ್ಲ. "ಮೂರ್ತಪ್ಪ," ಎಂದ, "ಈ ಹೆಣ್ಣುಮಗಳು ನಿನ್ನ ಕುರಿ ಬಿಟ್ಟು ಹೋದ್ರೆ ನಮ್ಮ ಹಟ್ಟಿಯೋರು ಯಾರೂ ಈ ದೊಡ್ಡಿಗೆ ಕಾಲಿಡಲ್ಲ. ತಿಳ್ಕ." ಮೂರ್ತಪ್ಪ ಟೀವಿಯ ಗುಂಡಿ ತಿರುಗಿಸಿದ. ಅಂಕಿಗಳು ಒಂದು ಚುಕ್ಕೆಗೆ ಕುಗ್ಗಿ ಆರಿಹೋದವು.

ಓಬಯ್ಯ ಅಕ್ಕನ ಕಡೆ ನೋಡಿದ. ಬೈಯಲಿ, ಉಗಿಯಲಿ, ಏನಾದರೂ ಮಾಡಲಿ ಎಂದು ಕಾದ. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ. ಆಗ ಅವನಿಗೆ ತಿಳಿಯಿತು, ಇವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅಪ್ಪನಿಗೆ ಹೇಳಿರಲಿಲ್ಲ, ಊರಿಗೆ ಹೇಳಿರಲಿಲ್ಲ.

"ಹನ್ನೆರಡು ಕುರಿ, ತಪ್ಪಾಯ್ತು ಅಕ್ಕ," ಎಂದ.

"ಹನ್ನೆರಡಲ್ಲ," ಎಂದಳು ನಾಗಕ್ಕ. "ಕೆಂದಿ ಕುರಿ ಗಬ್ಬ ಆಗಿತ್ತು. ಹದಿಮೂರು."

ಹಳದಿ ಹತ್ತಿಯನ್ನು ಅವನ ಜೇಬಿಗೇ ವಾಪಸು ತುರುಕಿ, ಅಂಗಳದಲ್ಲಿದ್ದ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಅವಳು ದೊಡ್ಡಿಯ ಕಡೆ ಹೋದಳು. ಎರಡು ದಿನದಿಂದ ಮರಿಗಳಿಗೆ ನೀರು ತೋರಿಸಿದವರಿರಲಿಲ್ಲ.